ಹದಿನಾಲ್ಕನೇ ನಂಬರಿನ ಹಿಡಿ

ಆಕೆಗೆ ತಕ್ಕಡಿ ಎಂದು ಹೆಸರಿಟ್ಟವರು ಅಚ್ಚಿನ ಕೋಣೆಯವರು. ಎದುರಿಗೆ ಅಕ್ಕ, ಬೆನ್ನ ಹಿಂದೆ ತಕ್ಕಡಿ ಅಕ್ಕ. ಆಕೆಗೂ ಅದು ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು. ಹತ್ತೊಂಬತ್ತು ವರ್ಷ ಒಂದೇ ಮೇಜಿನ ಮುಂದೆ ಕೂತವಳಿಗೆ ಅಷ್ಟಾದರೂ ಬಿರುದು ಬೇಡವೇ?

ಅದೊಂದು ಸಣ್ಣ ಕಾರ್ಖಾನೆ. ನೂರು ವರ್ಷದ ಹಿಂದೆ ಹಳಿಯ ಮೇಲೆ ಓಡುತ್ತಿದ್ದ ಕಲ್ಲಿದ್ದಲು ವ್ಯಾಗನ್ನುಗಳನ್ನು ಅಂಗೈ ಅಗಲಕ್ಕೆ ಇಳಿಸಿ, ಬಿಡಿಭಾಗಗಳಾಗಿಯೇ ಪೆಟ್ಟಿಗೆಗೆ ತುಂಬಿ ಮಾರುತ್ತಿದ್ದರು. ಕೊಂಡವರು ಮನೆಯಲ್ಲಿ ಅಂಟು ಹಚ್ಚಿ ಜೋಡಿಸಿಕೊಳ್ಳಬೇಕು. ಕೆಳಗೆ ಭಾಗಗಳನ್ನು ಎರಕ ಹೊಯ್ಯುವ ಅಚ್ಚಿನ ಕೋಣೆ, ಮೇಲೆ ಕಿಟಕಿಯುದ್ದಕ್ಕೂ ಒಂದು ಮೇಜು. ಮೇಜಿನ ಮೇಲೆ ನಂಬರು ಹಚ್ಚಿದ ಇಪ್ಪತ್ತೊಂದು ಬಟ್ಟಲು: ಪಕ್ಕದ ಹಲಗೆಗಳು, ತಳ, ಬಾಗಿಲು, ಚಕ್ರ, ಕೊಂಡಿ. ಕೊನೆಯ ಬಟ್ಟಲಲ್ಲಿ ಪುಟ್ಟ ಪೊಟ್ಟಣದಲ್ಲಿ ಕಟ್ಟಿದ ಅಸಲಿ ಕಲ್ಲಿದ್ದಲ ನುಚ್ಚು. ಅಕ್ಕನ ಕೈ ಬಟ್ಟಲಿಂದ ಬಟ್ಟಲಿಗೆ ಹಾರಿ ಎಲ್ಲವನ್ನೂ ಒಂದು ಚೀಲಕ್ಕೆ ಇಳಿಸುತ್ತಿತ್ತು. ಆಮೇಲೆ ಚೀಲವನ್ನು ಅಂಗೈಯಲ್ಲಿಟ್ಟು ಒಂದು ಸಲ ಮೇಲೆ ಹಾರಿಸಿ ಹಿಡಿಯುತ್ತಿದ್ದಳು. ಒಂದು ಕೊಂಡಿ ಕಮ್ಮಿಯಾಗಿದ್ದರೂ ಕೈ ಹೇಳುತ್ತಿತ್ತು. ಹೊಸಬರು ನಂಬದೆ ಪಂಥ ಕಟ್ಟಿ ಸೋತದ್ದುಂಟು.

ಆ ಕೈ ಅಪ್ಪನಿಂದ ಬಂದದ್ದು ಎನ್ನುತ್ತಿದ್ದಳು. ಅಪ್ಪ ಕಲ್ಲಿದ್ದಲು ಇಳಿಸುವ ಅಂಗಳದಲ್ಲಿ ಸಲಿಕೆ ಹಿಡಿದವನು. ಸಲಿಕೆ ಎತ್ತಿದೊಡನೆ ಎಷ್ಟು ಸೇರು ಎಂದು ಹೇಳಬಲ್ಲವನು. ಆಗಲೇ ಮುದಿಯಾಗಿದ್ದ ಮರದ ವ್ಯಾಗನ್ನುಗಳವು. ಒಂದು ದಿನ ಸರಿಯತೊಡಗಿದ ವ್ಯಾಗನ್ನನ್ನು ನಿಲ್ಲಿಸಲು ಅದರ ಬೆನ್ನ ಹಿಂದಿನಿಂದ ಆಚೆಗೆ ಓಡಿದ ಅಪ್ಪ ಎಡಗಾಲಿನ ಎರಡು ಬೆರಳು ಕಳೆದುಕೊಂಡ. ಮೇಜಿನ ಮೇಲಿನ ಆಟಿಕೆಗಳನ್ನು ಅಕ್ಕ ಆಟಿಕೆ ಎಂದು ಯಾವತ್ತೂ ಕರೆಯಲಿಲ್ಲ.

ಆಕೆಯ ಎಡಕ್ಕೆ ಕೂರುತ್ತಿದ್ದವಳು ಅವಳ ವಾರಗಿತ್ತಿ, ಮೈದುನನ ಹೆಂಡತಿ. ಹನ್ನೊಂದು ವರ್ಷದ ಹಿಂದೆ ಕೈಹಿಡಿದು ಕೆಲಸಕ್ಕೆ ಕರೆತಂದವಳೂ ಅಕ್ಕನೇ. ಅಕ್ಕ ತೂಗಿಕೊಟ್ಟ ಚೀಲವನ್ನು ಪೆಟ್ಟಿಗೆಗಿಟ್ಟು, ಜೋಡಣೆಯ ಹಾಳೆ ಮಡಿಸಿ ಹಾಕಿ, ಮುಚ್ಚಳಕ್ಕೆ ಅಂಟುಪಟ್ಟಿ ಒತ್ತುವುದು ಅವಳ ಪಾಲು. ಒಂದೇ ಮನೆ, ಒಂದೇ ಒಲೆ, ಇಬ್ಬರ ಕೈಚೀಲಕ್ಕೂ ಅಡುಗೆಮನೆ ಬಾಗಿಲ ಹಿಂದಿನ ಒಂದೇ ಮೊಳೆ.

ಕಾರ್ಖಾನೆ ಕಟ್ಟಿದ ದೊಡ್ಡವರು ಆ ವರ್ಷ ಕೀಲಿಕೈಯನ್ನು ಅಳಿಯನಿಗೆ ಒಪ್ಪಿಸಿ ಮನೆ ಸೇರಿದರು. ಅಳಿಯ ಚುರುಕಿನವನು. ಮೊದಲು ಮಾಡಿದ ಕೆಲಸವೆಂದರೆ ಜೋಡಣೆಯ ಹಾಳೆಯನ್ನು ಬದಲಿಸಿದ್ದು. ಹಳೆಯದರಲ್ಲಿ ದೊಡ್ಡವರು ಕೈಯಾರೆ ಬರೆದ ಒಂದೇ ಬದಿಯ ಚಿತ್ರ, ಕೆಳಗೆ ಯಾವ ಭಾಗ ಎಷ್ಟು ಎಂಬ ಪಟ್ಟಿ. ಹೊಸದು ನುಣುಪು ಕಾಗದ, ಬಣ್ಣದ ಚಿತ್ರ, ವ್ಯಾಗನ್ನಿನ ಎರಡೂ ಬದಿ. ಪಟ್ಟಿಗೆ ಜಾಗ ಸಾಲಲಿಲ್ಲ.

ಎರಡು ತಿಂಗಳಾಗುವಷ್ಟರಲ್ಲಿ ದೂರಿನ ಚೀಟಿಗಳು ಬರತೊಡಗಿದವು. ಪ್ರತಿ ಪೆಟ್ಟಿಗೆಯಲ್ಲೂ ಒಂದು ಚೀಟಿ ಇರುತ್ತಿತ್ತು. ಕಮ್ಮಿ ಬಿದ್ದ ಭಾಗದ ನಂಬರಿಗೆ ಸುತ್ತು ಹಾಕಿ ಕಳಿಸಿದರೆ ಸಾಕು. ಬಂದ ಚೀಟಿಗಳಲ್ಲೆಲ್ಲ ಸುತ್ತು ಬಿದ್ದದ್ದು ಒಂದೇ ನಂಬರಿಗೆ, ಹದಿನಾಲ್ಕು. ಹದಿನಾಲ್ಕು ಎಂದರೆ ಬ್ರೇಕಿನ ಹಿಡಿ. ಬೆಂಕಿಕಡ್ಡಿಯಷ್ಟು ಉದ್ದ, ಎರಕ ಹೊಯ್ದ ಲೋಹದ್ದು.

ಅಳಿಯ ಇನ್ನೂ ಮೇಲಿನ ಅಂತಸ್ತಿನ ತನ್ನ ಕೋಣೆಗೆ ಅಕ್ಕನನ್ನು ಕರೆಸಿ, ಚೀಟಿಗಳನ್ನು ಇಸ್ಪೀಟು ಆಡುವವನಂತೆ ಮೇಜಿನ ಮೇಲೆ ಹರಡಿದ. “ಈ ತಿಂಗಳು ಹನ್ನೊಂದು ಅಮ್ಮ. ಹನ್ನೊಂದೂ ಅದೇ.”

“ನನ್ನ ಕೈ ತಪ್ಪಲ್ಲ ಸಾರ್.”

“ತಪ್ಪಿದೆ ಅಂದ್ರೆ ವಯಸ್ಸು ಅಂತ ಸುಮ್ಮನಾಗ್ಬಹುದು. ತಪ್ಪೇ ಇಲ್ಲ ಅಂದ್ರೆ ನಾನೇನಂದ್ಕೋಬೇಕು, ನೀವೇ ಹೇಳಿ.”

ಅಕ್ಕ ಮೆಟ್ಟಿಲಿಳಿದು ಬಂದಳು. ಅವನು ಬಾಯಲ್ಲಿ ಕಳ್ಳಿ ಎಂದಿರಲಿಲ್ಲ, ಆದರೆ ಮೆಟ್ಟಿಲು ಮೆಟ್ಟಿಲಿಗೂ ಆ ಮಾತೇ ಕೇಳಿಸಿತು. ತಲೆಯಲ್ಲಿ ಹುಳ ಬಿಟ್ಟಂತಾಯಿತು. ತಾನು ಹಾಕಿದ್ದು ನಿಜ. ಕೊಂಡವರ ಕೈಗೆ ಮುಟ್ಟದ್ದೂ ನಿಜ. ಹಾಗಾದರೆ ನಡುವೆ ಯಾರೋ ಇದ್ದಾರೆ.

ಮೊದಲು ಕಣ್ಣು ಬಿದ್ದದ್ದು ಅಚ್ಚಿನ ಕೋಣೆಯ ಎರಕದವನ ಮೇಲೆ. ಅವನಿಗೆ ಭಾನುವಾರ ಮೀನು ಹಿಡಿಯುವ ಹುಚ್ಚು, ಗಾಳದ ದಾರಕ್ಕೆ ಭಾರ ಬೇಕಲ್ಲ? ನೆಪ ಮಾಡಿ ಅವನ ಗಾಳದ ಪೆಟ್ಟಿಗೆಯನ್ನು ಇಣುಕಿದಳು. ತೂತು ಕೊರೆದ ಹಳೇ ನಟ್ಟುಗಳಿದ್ದವು, ಹಿಡಿ ಇರಲಿಲ್ಲ. “ಏನು ತಕ್ಕಡಿ ಅಕ್ಕ, ಮೀನು ತೂಗೋಕೂ ಬರ್ತೀಯಾ?” ಎಂದು ಅವನು ನಕ್ಕ. ನಗುವವನ ಮೇಲೆ ಇನ್ನೊಂದು ವಾರ ಅನುಮಾನ ಉಳಿಯಿತು. ಕಾಮಾಲೆ ಕಣ್ಣಿಗೆ ಹಳದಿಯಲ್ಲದ್ದು ಯಾವುದು?

ಆಮೇಲೆ, ಬೇಡ ಬೇಡವೆಂದರೂ, ಕಣ್ಣು ಎಡಕ್ಕೆ ಹೊರಳಿತು.

ವಾರಗಿತ್ತಿ ಈಚೆಗೆ ಕೈಚೀಲದಲ್ಲಿ ಒಂದು ಚಪ್ಪಟೆ ಡಬ್ಬಿ ತರುತ್ತಿದ್ದಳು. ನಡೆಯುವಾಗ ಅದು ಕಿಣಿಕಿಣಿ ಎನ್ನುತ್ತಿತ್ತು. ಅಕ್ಕ ಹತ್ತಿರ ಬಂದರೆ ಅವಳು ನಡಿಗೆ ನಿಧಾನ ಮಾಡುತ್ತಿದ್ದಳು. ಊಟದ ಹೊತ್ತಲ್ಲಿ ಒಬ್ಬಳೇ ಹಿಂದಿನ ಮೆಟ್ಟಿಲ ಮೇಲೆ ಕೂತು ಉಗುರಿಗೆ ಅರ ಹಾಕುತ್ತಿದ್ದಳು. ಉಗುರಿದ್ದದ್ದೇ ಹತ್ತು, ದಿನಾ ಅರ್ಧ ಗಂಟೆ ಏನನ್ನು ಉಜ್ಜುತ್ತಾಳೆ?

“ಏನೇ, ಮದುವಣಗಿತ್ತಿ ಆಗ್ತಿದ್ದೀಯಾ?”

“ಆದ್ರೆ ನಿನ್ನ ಮೈದುನನ್ನೇ ಮತ್ತೆ ಕಟ್ಕೋಬೇಕಲ್ಲಕ್ಕ, ಬೇಡಪ್ಪ,” ಎಂದವಳೇ ಡಬ್ಬಿಯ ಮುಚ್ಚಳ ಒತ್ತಿದಳು. ಆ ಒತ್ತಿದ ಸದ್ದು ಅಕ್ಕನ ಕಿವಿಯಲ್ಲಿ ಸಂಜೆಯವರೆಗೂ ಉಳಿಯಿತು.

ಇನ್ನೆರಡು ತಿಂಗಳು ಕಳೆದು, ಒಂದು ಶನಿವಾರ, ಅಳಿಯ ಮತ್ತೆ ಕರೆಸಿದ. ಈ ಸಲ ಐದೇ ಚೀಟಿ.

“ನಾನು ಮಾತಾಡಿದ ಮೇಲೆ ಅರ್ಧಕ್ಕೆ ಇಳೀತು,” ಎಂದ. ದನಿ ಮೆತ್ತಗಿತ್ತು, ಅದೇ ಹೆಚ್ಚು ಚುಚ್ಚಿತು. “ಹೇಳಿದ ಮೇಲೆ ಸರಿಹೋಗೋ ತಪ್ಪು ಎಂಥ ತಪ್ಪಮ್ಮ? ತೂಕದ ಯಂತ್ರ ತರಿಸಿದ್ದೀನಿ. ಮಂಗಳವಾರದಿಂದ ಅದೇ ತೂಗುತ್ತೆ. ನೀವು ಕೆಳಗೆ ಗುಡಿಸೋ ಕೆಲಸ ನೋಡ್ಕೊಳ್ಳಿ.”

ಮೂಲೆಯಲ್ಲಿ ಯಂತ್ರ ಇನ್ನೂ ರಟ್ಟಿನ ಡಬ್ಬದಲ್ಲೇ ಕೂತಿತ್ತು. ಅಕ್ಕ ಅದನ್ನು ಸವತಿಯನ್ನು ನೋಡುವಂತೆ ನೋಡಿ ಮೇಜಿಗೆ ಮರಳಿದಳು. ವಾರಗಿತ್ತಿ ನೀರು ಕುಡಿಯಲು ಎದ್ದಾಗ, ಅವಳು ಮುಚ್ಚಿ ಪೇರಿಸಿದ್ದ ಪೆಟ್ಟಿಗೆಗಳಲ್ಲಿ ಮೂರನ್ನು ಎತ್ತಿ ನೋಡಿದಳು. ಮೊದಲನೆಯದು ಸರಿ. ಎರಡನೆಯದೂ ಸರಿ. ಮೂರನೆಯದು ಭಾರ.

ಹಗುರವಾಗಿದ್ದರೆ ಕಳ್ಳತನ ಎನ್ನಬಹುದು. ಭಾರಕ್ಕೆ ಏನೆನ್ನುವುದು? ಬಚ್ಚಲಿಗೆ ಹೋಗಿ ತಣ್ಣೀರಲ್ಲಿ ಕೈ ತೊಳೆದು ಬಂದು ಮತ್ತೆ ಎತ್ತಿದಳು. ಭಾರವೇ. ಹತ್ತೊಂಬತ್ತು ವರ್ಷ ಸುಳ್ಳಾಡದ ಕೈ ಈಗ ತನಗೇ ಸುಳ್ಳು ಹೇಳುತ್ತಿದೆಯೇ? ಆ ದಿನ ಆಕೆ ನಿಜವಾಗಿ ಹೆದರಿದ್ದು ಆ ಒಂದು ಗಳಿಗೆಯಲ್ಲಿ ಮಾತ್ರ.

ಮನೆಗೆ ಬಂದು, ವಾರಗಿತ್ತಿ ಸ್ನಾನಕ್ಕೆ ಹೋದದ್ದನ್ನು ನೋಡಿಕೊಂಡು, ಅಕ್ಕ ಬಾಗಿಲ ಹಿಂದಿನ ಮೊಳೆಯಿಂದ ತನ್ನದಲ್ಲದ ಚೀಲವನ್ನು ಇಳಿಸಿದಳು. ಬೆರಳಿಗೆ ಡಬ್ಬಿ ಸಿಕ್ಕಿತು. ಅಷ್ಟರಲ್ಲಿ ಹಿಂದೆ ನೀರು ತೊಟ್ಟಿಕ್ಕುವ ಸದ್ದು.

“ಏನು ಬೇಕಿತ್ತಕ್ಕ?” ವಾರಗಿತ್ತಿ ಒದ್ದೆ ತಲೆಗೆ ಟವೆಲು ಸುತ್ತಿ ನಿಂತಿದ್ದಳು.

ಸುಳ್ಳು ಹೇಳಿ ಅಕ್ಕನಿಗೆ ಅಭ್ಯಾಸವಿರಲಿಲ್ಲ. “ನಿನ್ನ ಡಬ್ಬಿ.”

“ಕೇಳಿದ್ರೆ ಕೊಡ್ತಿರ್ಲಿಲ್ವಾ?”

“ಕೇಳಿದ್ರೆ ನೀನು ಬಚ್ಚಿಡ್ತಿದ್ದೆ.” ಅಕ್ಕ ಮುಚ್ಚಳ ತೆಗೆದಳು. ಒಳಗೆ ಉಗುರಿನ ಅರ, ಅದರ ಸುತ್ತ ಮೂವತ್ತು ನಲವತ್ತು ಬ್ರೇಕಿನ ಹಿಡಿಗಳು. “ಅನ್ನ ತಿಂದ ಮನೆಗೇ...”

“ಮುಗಿಸ್ಬೇಡ ಆ ಮಾತು,” ಎಂದಳು ವಾರಗಿತ್ತಿ. “ಅವು ಅಚ್ಚಿನ ಕೋಣೆಯಲ್ಲಿ ಮತ್ತೆ ಕರಗಿಸೋಕೆ ಎಸೆದಿದ್ದು. ಅಂಚಲ್ಲಿ ಮುಳ್ಳು ಬಂದಿತ್ತು, ಉಜ್ಜಿ ಸರಿಮಾಡ್ದೆ. ಕದಿಯೋಕಲ್ಲ, ಹಾಕೋಕೆ. ಡಬ್ಬಿಯಲ್ಲಿ ಎಷ್ಟಾಗುತ್ತೋ ಅಷ್ಟು ಪೆಟ್ಟಿಗೆಗೆ ಒಂದೊಂದು ಹಾಕಿ ಮುಚ್ತಿದ್ದೆ.”

“ಯಾಕೆ?”

“ನೀನು ಮರೀತಿದ್ದೀಯ ಅಂತ. ಬಾಯಿಬಿಟ್ಟು ಹೇಳಿದ್ರೆ ನೊಂದ್ಕೋತೀಯ ಅಂತ.”

ಅಕ್ಕನ ಅಂಗೈಗೆ ಮೂರನೆಯ ಪೆಟ್ಟಿಗೆಯ ಭಾರ ಮರಳಿ ಬಂತು. ಕೈ ಸರಿಯಾಗಿಯೇ ಹೇಳಿತ್ತು. ಖುಷಿಪಡಬೇಕಾದ ಗಳಿಗೆ, ಸಿಟ್ಟೇ ಉಕ್ಕಿತು. “ಅಂದ್ರೆ ನನ್ನ ಕೈಯನ್ನ ನೀನೂ ನಂಬ್ಲಿಲ್ಲ.”

“ನನ್ನ ಚೀಲದೊಳಗೆ ಕೈ ಇಟ್ಕೊಂಡು ನಂಬಿಕೆ ಮಾತಾಡ್ತೀಯಾ?”

ಹಜಾರದಲ್ಲಿ ಕೂತಿದ್ದ ಅವರ ಗಂಡಂದಿರು, ಅಣ್ಣತಮ್ಮಂದಿರಿಬ್ಬರೂ, ಜಾಣರು. ಟೀವಿಯ ಸದ್ದನ್ನು ಒಂದಿಷ್ಟು ಏರಿಸಿದರು.

ಭಾನುವಾರ ಬೆಳಿಗ್ಗೆ ಎದ್ದಾಗ ಅಕ್ಕನ ತಲೆಯಲ್ಲಿ ಒಂದೇ ಲೆಕ್ಕ: ಕೈ ತಪ್ಪಿಲ್ಲ, ಕದ್ದವರೂ ಇಲ್ಲ, ಹಾಗಾದರೆ ವ್ಯಾಗನ್ನನ್ನೇ ನೋಡಬೇಕು. ಹತ್ತು ಗಂಟೆಗೆ ಅಕ್ಕ ಬೀರುವಿನಲ್ಲಿ ಬಟ್ಟೆಗಳ ಕೆಳಗಿನಿಂದ ಒಂದು ಪೆಟ್ಟಿಗೆ ತೆಗೆದಳು. ಹತ್ತು ವರ್ಷ ತುಂಬಿದ ದಿನ ದೊಡ್ಡವರು ಕೊಟ್ಟದ್ದು, ಈವರೆಗೆ ಒಡೆಯದ್ದು. ಸಾವಿರ ಸಾವಿರ ವ್ಯಾಗನ್ನು ಚೀಲಕ್ಕೆ ತುಂಬಿದವಳು ಒಂದನ್ನೂ ಜೋಡಿಸಿರಲಿಲ್ಲ. ಅಡುಗೆಯವನು ಉಪವಾಸ ಇದ್ದ ಹಾಗೆ. ಅದರೊಳಗಿನ ಹಳೇ ಹಾಳೆಯನ್ನೂ, ಎಂದೋ ಮನೆಗೆ ತಂದಿದ್ದ ಹೊಸ ಹಾಳೆಯನ್ನೂ ಪಕ್ಕಪಕ್ಕ ಹಾಸಿ ಕೂತಳು. ವಾರಗಿತ್ತಿ ತರಕಾರಿ ಹೆಚ್ಚುವ ನೆಪದಲ್ಲಿ ಎದುರಿಗೆ ಕೂತಳು.

ಹನ್ನೆರಡಕ್ಕೆ ವ್ಯಾಗನ್ನು ಚಕ್ರದ ಮೇಲೆ ನಿಂತಿತು. ಒಂದು ಬದಿಯ ಅಡಿಗಟ್ಟಿನಲ್ಲಿ ಒಂದು ಸಣ್ಣ ತೂತು. ಹದಿನಾಲ್ಕನೇ ನಂಬರು ಟಕ್ಕೆಂದು ಕೂತುಕೊಂಡಿತು. ಹೊಸ ಹಾಳೆ ಇನ್ನೊಂದು ಬದಿಯಲ್ಲೂ ಹಿಡಿಯನ್ನು ತೋರಿಸುತ್ತಿತ್ತು. ಅಕ್ಕ ವ್ಯಾಗನ್ನು ತಿರುಗಿಸಿದಳು. ಬೆರಳಾಡಿಸಿದಳು. ನುಣ್ಣಗಿತ್ತು.

“ತೂತೇ ಇಲ್ಲ,” ಎಂದಳು, ಯಾರಿಗೋ ಎಂಬಂತೆ.

“ಎಲ್ಲಿ, ತೋರ್ಸು.” ವಾರಗಿತ್ತಿ ಚಾಕು ಕೆಳಗಿಟ್ಟಳು. ಕನ್ನಡಕ ಏರಿಸಿ ನೋಡಿದಳು. “ಹೌದಲ್ಲಕ್ಕಾ! ಒಂದೇ ಹಿಡಿ ಕೂರೋದು.”

ಅಕ್ಕನ ಕಣ್ಣ ಮುಂದೆ ಅಪ್ಪ ಬಂದ, ಕುಂಟುತ್ತ. ಬುತ್ತಿ ಬಿಚ್ಚುತ್ತ ಅವನು ಹೇಳುತ್ತಿದ್ದ ಮಾತು: “ಹಿಡಿ ಯಾವಾಗ್ಲೂ ಆಚೆ ಬದಿಗೇ ಇರುತ್ತೆ ಮಗಳೇ, ನಮ್ಮ ಅದೃಷ್ಟದ ಥರ.” ಎರಡೂ ಬದಿಗೆ ಹಿಡಿ ಇದ್ದಿದ್ದರೆ ಅಪ್ಪ ಯಾಕೆ ಸುತ್ತುಹಾಕಿ ಓಡಬೇಕಿತ್ತು? ಆ ಎರಡು ಬೆರಳು ಯಾಕೆ ಹೋಗಬೇಕಿತ್ತು?

ಸೋಮವಾರ ಅಕ್ಕ ವ್ಯಾಗನ್ನನ್ನು ಅಳಿಯನ ಮೇಜಿನ ಮೇಲಿಟ್ಟಳು. ವಾರಗಿತ್ತಿ ಬಾಗಿಲ ಬಳಿಯೇ ನಿಂತಳು.

ಅವನು ತಿರುಗಿಸಿ ನೋಡಿದ. “ಚೆನ್ನಾಗಿದೆ. ಈ ಕಡೆ ಹಿಡಿ ಹಾಕೋದು ಮರ್ತಿದ್ದೀರಿ.”

“ನೀವೇ ಹಾಕಿ ಸಾರ್.” ಡಬ್ಬಿಯಿಂದ ಒಂದು ಹಿಡಿ ತೆಗೆದು ಕೊಟ್ಟಳು.

ಅವನು ತೂತು ಹುಡುಕಿದ. ದೀಪದ ಹತ್ತಿರ ಹಿಡಿದ. ಗುಂಡುಸೂಜಿಯಿಂದ ಕೆದಕಿದ. ಕಿವಿ ಮೆಲ್ಲಗೆ ಕೆಂಪಾಯಿತು. ಆಮೇಲೆ ಕಪಾಟಿನಿಂದ ಮಾವನವರು ಕೂಡಿಟ್ಟಿದ್ದ ಅಸಲಿ ವ್ಯಾಗನ್ನುಗಳ ಹಳೇ ಫೋಟೋಗಳನ್ನು ತೆಗೆದು ಒಂದೊಂದಾಗಿ ನೋಡಿದ. ಒಂದು ಬದಿಯಿಂದ ತೆಗೆದವುಗಳಲ್ಲಿ ಹಿಡಿ ಇತ್ತು, ಇನ್ನೊಂದು ಬದಿಯವುಗಳಲ್ಲಿ ಇರಲಿಲ್ಲ.

“ಒಂದು ಬದಿ ಬರೆದು, ಕಂಪ್ಯೂಟರಲ್ಲಿ ಅದನ್ನೇ ಮಗುಚಿ ಇನ್ನೊಂದು ಬದಿ ಮಾಡಿದ್ದೆ,” ಎಂದ ಕೊನೆಗೆ. “ಹಾಳೆ ಬದಲಾಯಿಸೋಣ. ಯಂತ್ರ... ವಾಪಸ್ ಕಳಿಸ್ತೀನಿ.” ಕ್ಷಮೆ ಎಂಬ ಪದ ನಾಲಿಗೆಯ ತುದಿಗೆ ಬಂದು ಮರಳಿತು. ಅದರ ಬದಲು ಹುಬ್ಬು ಗಂಟಿಕ್ಕಿತು. “ಅದಿರ್ಲಿ. ಹಾಳೆ ತಪ್ಪು ಅಂದ್ರೆ ನಡುವೆ ಚೀಟಿ ಯಾಕೆ ಇಳೀತು? ಕೆಲವರಿಗೆ ಎರಡು ಹಿಡಿ ಸಿಕ್ಕಿರ್ಬೇಕು. ಎಲ್ಲಿಂದ ಬಂತು? ಈ ಡಬ್ಬಿ ಯಾರದ್ದು?”

ಬಾಗಿಲ ಬಳಿ ಬಳೆಯ ಸದ್ದು ನಿಂತಿತು.

“ನಂದು ಸಾರ್,” ಎಂದಳು ಅಕ್ಕ. “ಉಗುರು ಉಜ್ಜೋಕೆ. ಆ ಹಿಡಿ ಕಸದಲ್ಲಿ ಸಿಕ್ತು. ಚೀಟಿ ಯಾಕೆ ಇಳೀತೋ ನನಗೇನು ಗೊತ್ತು?”

ಅಳಿಯ ಆಕೆಯ ಉಗುರುಗಳನ್ನು ನೋಡಿದ. ಕಲ್ಲಿದ್ದಲ ನುಚ್ಚು ಕಪ್ಪಗೆ ಕೂತಿದ್ದ, ಅರ ಕಾಣದ ಉಗುರುಗಳು. ಅವನು ನಂಬಲಿಲ್ಲ. ಆದರೂ ಡಬ್ಬಿಯನ್ನು ಆಕೆಯ ಕೈಗೇ ಮರಳಿಸಿದ.

ಮೇಜಿಗೆ ಮರಳಿದ ಮೇಲೂ ಎಲ್ಲವೂ ಮೊದಲಿನಂತಾಯಿತು ಎನ್ನಲಾಗದು. ಮನೆಯಲ್ಲಿ ವಾರಗಿತ್ತಿಯ ಚೀಲ ಆ ಮೊಳೆಗೆ ಮರಳಲಿಲ್ಲ, ಅವಳ ಮಂಚದ ಕಾಲಿಗೆ ಒರಗಿತು. ಕಾರ್ಖಾನೆಯಲ್ಲಿ ಅದು ಕುರ್ಚಿಯ ಹಿಂದೆ ತೂಗುವುದು ಬಿಟ್ಟು ಅವಳ ಮಡಿಲಲ್ಲಿ ಕೂರತೊಡಗಿತು. ಅಕ್ಕ ಅದನ್ನು ನೋಡುತ್ತಿದ್ದಳು, ನೋಡಿಲ್ಲವೆಂಬಂತೆ ಬಿಡಿಭಾಗಗಳ ಚೀಲ ಹಾರಿಸಿ ಹಿಡಿಯುತ್ತಿದ್ದಳು.

ಮುಂದಿನ ವಾರದ ಒಂದು ಮಧ್ಯಾಹ್ನ ವಾರಗಿತ್ತಿಯ ಎರಡೂ ಕೈ ಅಂಟಾಗಿತ್ತು. ಚೀಲ ಪಕ್ಕದ ಸ್ಟೂಲಿನ ಮೇಲಿತ್ತು. ತಲೆ ಎತ್ತದೆಯೇ ಅಂದಳು, “ಅಕ್ಕಾ, ಚೀಲದಲ್ಲಿ ಕನ್ನಡಕ ಇದೆ, ತೆಗೆದು ಕೊಡು.”

ಅಕ್ಕ ಚೀಲವನ್ನು ಎತ್ತಿದಳು. ತೆರೆಯಲಿಲ್ಲ. ಹಿಡಿದುಕೊಂಡೇ ನಿಂತಳು.

“ಏನು, ತೂಗ್ತಿದ್ದೀಯಾ?”

“ಕನ್ನಡಕ,” ಎಂದಳು ಅಕ್ಕ, ಕಣ್ಣು ಮುಚ್ಚಿ. “ಊಟದ ಡಬ್ಬಿ, ಖಾಲಿ. ಬಾಚಣಿಗೆ. ಮನೆ ಬೀಗದಕೈ.” ತಡೆದಳು. “ಅರ ಇರೋ ಡಬ್ಬಿ.”

“ಅದನ್ನ ಸಾರ್ ನಿನ್ನ ಕೈಲಿ ಕೊಟ್ರಲ್ಲ. ಯಾವಾಗ ನನ್ನ ಚೀಲಕ್ಕೆ ಬಂತು?”

“ನನಗೇನು ಗೊತ್ತು?”

ವಾರಗಿತ್ತಿ ಅಂಟು ಕೈಗಳನ್ನು ಮೇಲಕ್ಕೆತ್ತಿಕೊಂಡೇ ಅವಳತ್ತ ತಿರುಗಿದಳು. “ಮತ್ತೆ ನನ್ನ ಚೀಲಕ್ಕೆ ಕೈ ಹಾಕಿದ್ದೀಯಾ!”

“ಹಾಕೋಕೆ ಕಣೇ,” ಎಂದಳು ಅಕ್ಕ. “ತೆಗೆಯೋಕಲ್ಲ.”