ಟೇಪು ಹಿಡಿಯದ ದರ್ಜಿ ಮತ್ತು ಅಧ್ಯಕ್ಷರ ಹೊಟ್ಟೆ

ಮೂಲೆ ಅಂಗಡಿಯ ದರ್ಜಿಗೆ ಎರಡು ಹೆಮ್ಮೆ. ಮೂವತ್ತು ವರ್ಷದಲ್ಲಿ ಒಂದು ದಿನವೂ ಟೇಪು ಹಿಡಿದವನಲ್ಲ. ಗಿರಾಕಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರೆ ಸಾಕು, ಅಳತೆ ತಲೆಯೊಳಗೆ ಬಂದು ಕೂರುತ್ತಿತ್ತು. ಇನ್ನೊಂದು, ಪತ್ರಿಕೆಯ ವ್ಯಂಗ್ಯಚಿತ್ರಕ್ಕೆ ಇಡೀ ಊರು ಮರುಳಾದರೂ ತಾನೊಬ್ಬ ಆಗುವುದಿಲ್ಲ ಎನ್ನುವುದು.

ಬೆಳಿಗ್ಗೆ ಮಿಷನ್ನಿಗೆ ದಾರ ಪೋಣಿಸುವುದಕ್ಕೂ ಮೊದಲು ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಬೆಂಚಿನ ಮೇಲೆ ಕೂತವರಿಗೆ ಪಾಠ ಶುರು ಮಾಡುತ್ತಿದ್ದ. ಈ ಚಿತ್ರ ಬರೆಯುವವರು ತಮಗೆ ಬೇಕಾದವನನ್ನು ಸಣಕಲು ಮಾಡಿ ಅಂಗಿಗೆ ತೇಪೆ ಹಾಕುತ್ತಾರೆ, ಬೇಡವಾದವನಿಗೆ ಹೊಟ್ಟೆ ಬರೆಯುತ್ತಾರೆ. ಕುರ್ಚಿಯನ್ನು ಮಂಚದಷ್ಟು ಮಾಡಿದರೆ ಅದರಲ್ಲಿ ಕೂತವನು ತಾನಾಗಿಯೇ ಇಲಿಮರಿ ಆಗುತ್ತಾನೆ. ಮೂಟೆ ಬರೆದು ಮೇಲೆ 'ತೆರಿಗೆ' ಎಂದು ಚೀಟಿ ಅಂಟಿಸಿದರೆ ಸರಿ, ಒಳಗೇನಿದೆ ಎಂದು ಯಾರೂ ಬಿಚ್ಚಿ ನೋಡುವುದಿಲ್ಲ.

"ಅವ್ರು ಹೇಳೋದು ಕಣ್ಣಿಗೆ, ಬುದ್ಧಿಗಲ್ಲ," ಎನ್ನುತ್ತಿದ್ದ.

ಗುಂಡಿ ಹೊಲಿಯುತ್ತ ಕೂತ ಹೆಂಡತಿ ತಲೆ ಎತ್ತದೆ, "ನಿಮ್ಮ ಕಣ್ಣು ಬೇರೆ ಅಂಗಡೀಲಿ ತಂದಿದ್ದಾ?" ಎಂದರೆ ಸಿಡುಕುತ್ತಿದ್ದ.

ನಗರಸಭೆಯ ಅಧ್ಯಕ್ಷರನ್ನು ಆ ಪತ್ರಿಕೆ ಎರಡು ವರ್ಷದಿಂದ ಕುಂಬಳಕಾಯಿಯಂಥ ಹೊಟ್ಟೆ ಇಟ್ಟೇ ಬರೆಯುತ್ತಿತ್ತು. ಆ ಹೊಟ್ಟೆ ಶುದ್ಧ ಸುಳ್ಳು ಎಂದು ದರ್ಜಿ ನೂರು ಸಲ ಬಿಡಿಸಿ ಹೇಳಿದ್ದ. ಒಂದು ದಿನ ಅಧ್ಯಕ್ಷರೇ ಅಂಗಡಿಗೆ ಬಂದರು. ಹೊಸ ಸಭಾಂಗಣದ ಉದ್ಘಾಟನೆಗೆ ಕೋಟು ಬೇಕಿತ್ತು. ಮೈಗೆ ಸರಿಯಾಗಿ ಕೂತರೆ ನಗರಸಭೆ ಸಿಬ್ಬಂದಿಯ ಸಮವಸ್ತ್ರವೆಲ್ಲ ಇಲ್ಲಿಗೇ ಎಂದರು. ಹೆಂಡತಿ ಟೇಪು ಚಾಚಿದಳು. ದರ್ಜಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅಧ್ಯಕ್ಷರನ್ನು ಒಮ್ಮೆ ನೋಡಿದ, ಆಯಿತೆಂದು ತಲೆಯಾಡಿಸಿದ, ಕಳಿಸಿಬಿಟ್ಟ.

ಉದ್ಘಾಟನೆಯ ದಿನ ಬೆಳಿಗ್ಗೆ ಅಧ್ಯಕ್ಷರು ಅಂಗಡಿಗೆ ಬಂದು, ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರು. ಭುಜ ಸರಿ, ತೋಳು ಸರಿ. ಗುಂಡಿ ಹಾಕಿದರೆ ಹೊಟ್ಟೆಯ ಹತ್ತಿರ ಇನ್ನೊಬ್ಬ ಮನುಷ್ಯ ಬಂದು ನಿಲ್ಲುವಷ್ಟು ಜಾಗ. ಜೋಲುತ್ತಿದ್ದ ಬಟ್ಟೆಯನ್ನು ಅವರು ಮುಷ್ಟಿಯಲ್ಲಿ ಹಿಡಿದು ನೋಡಿದರು.

"ನೀವೂ ಅದೇ ಪೇಪರ್ ತರಿಸ್ತೀರಾ ಮಾಸ್ಟ್ರೇ?" ಎಂದು ಮೆಲ್ಲಗೆ ಕೇಳಿ, ಕೋಟು ಬಿಚ್ಚಿಟ್ಟು ಹೋದರು.

ಬೆಂಚಿನ ಮೇಲಿದ್ದ ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು, ದರ್ಜಿಗೆ ಬೈಯಲಾದರೂ ಒಬ್ಬರು ಸಿಗುತ್ತಿದ್ದರು. ಸಮವಸ್ತ್ರ ಎದುರು ಸಾಲಿನ ಅಂಗಡಿಗೆ ಹೋಯಿತು.

ಮರುದಿನದ ಪತ್ರಿಕೆಯಲ್ಲಿ ಅಧ್ಯಕ್ಷರು ಹೊಟ್ಟೆಯಿಂದಲೇ ಉದ್ಘಾಟನೆಯ ಟೇಪು ನೂಕಿ ಹರಿಯುತ್ತಿದ್ದರು. ಇವತ್ತಿನ ಮೋಸ ಎಲ್ಲಿದೆ ಎಂದು ಬೆಂಚಿನವರು ಕೇಳಿದರು. ಹೆಂಡತಿ ಕೊರಳಿಗೆ ಹಾಕಿದ ಅಳತೆಯ ಟೇಪು ದರ್ಜಿಯ ಎದೆಯ ಮೇಲೆ ನೇತಾಡುತ್ತಿತ್ತು. ಅವನು ಚಿತ್ರದ ಹೊಟ್ಟೆಯ ಮೇಲೆ ಬೆರಳಿಟ್ಟ.

"ಇದನ್ನ ಬರೆದೋನು ಒಳ್ಳೇ ಕೆಲಸಗಾರ ಕಣಯ್ಯಾ," ಎಂದ.