ಡಬರಿ ನೋಡಿ ಬಂದ ಬೆಂಗಳೂರು

"ಅಮ್ಮಾ, ಕನ್ನಮ್ಮಜ್ಜಿ ಬೆಂಗಳೂರಿಗೆ ಯಾರಿಗೆ ಹೊಡಿಯಕ್ಕೆ ಹೋಗ್ತಾರೆ?"

ಬಾಯಲ್ಲಿ ಅನ್ನದ ತುತ್ತು ಇಟ್ಟುಕೊಂಡೇ ಐದು ವರ್ಷದ ಇಂಚರ ಕೇಳಿದಾಗ ಸೌಜನ್ಯಳಿಗೆ ನಗು ಬಂತು. ಮಗು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರ ಮಿಡಿ ಉಪ್ಪಿನಕಾಯಿ ಮಾರುವ ಕನ್ನಮ್ಮ ಪ್ರತಿ ವರ್ಷ ಬೆಂಗಳೂರಿನ ಮೇಳಕ್ಕೆ ಭರಣಿ ಕಟ್ಟುವಾಗ, "ಬಂದು ಅವಳಿಗೆ ಮಾಡ್ತೀನಿ ತಡಿ" ಎಂದು ಹಲ್ಲು ಕಡಿಯುವುದು ಬೀದಿಯ ಮಕ್ಕಳಿಗೆಲ್ಲ ಗೊತ್ತು.

'ಅವಳು' ಎಂದರೆ ಹೇಮಾವತಿ, ಮಹಿಳಾ ಸಂಘದ ಅಧ್ಯಕ್ಷೆ.

ಸಂಘದವರು ಮೊದಲ ಸಲ ಒಂದು ದಿನದ ಬೆಂಗಳೂರು ಪ್ರವಾಸ ಹೊರಟಾಗ ಸೌಜನ್ಯ ಇನ್ನೂ ಕಾಲೇಜು ಹುಡುಗಿ. ದಿನ ಗೊತ್ತು ಮಾಡಿದವಳು ಹೇಮಾವತಿಯೇ. ಭಾನುವಾರ ರಾತ್ರಿ ಬಿಟ್ಟರೆ ಬೆಳಗಾದರೆ ಸೋಮವಾರ, ಈಶ್ವರನ ವಾರ, ದೊಡ್ಡ ಊರಿಗೆ ಕಾಲಿಡಲು ಒಳ್ಳೆಯದು. ದಾರಿಯ ಊಟ ಕನ್ನಮ್ಮನ ತಲೆಗೆ ಬಿತ್ತು. ಡಬರಿ ತುಂಬ ಚಿತ್ರಾನ್ನ ಕಲಸಿ, ಹೊಸ ಸೀರೆ ಉಟ್ಟು ಬಂದರೆ, ಅವಳ ಸೀಟಿನಲ್ಲಿ ಹೇಮಾವತಿಯ ನಾದಿನಿ ಕೂತಿದ್ದಳು.

"ನಿಂಗೆಂತಕ್ಕೆ ಕನ್ನಮ್ಮ ಈ ಮ್ಯೂಸಿಯಂ, ನಾಟಕ? ನೋಡಿದ್ರೂ ಅರ್ಥ ಆಗ್ಬೇಕಲ್ಲ" ಎನ್ನುತ್ತ ಹೇಮಾವತಿ ಬಸ್ಸಿನ ಬಾಗಿಲಿಂದ ಕೈ ಚಾಚಿದಳು. ಕನ್ನಮ್ಮನ ಕಡೆಗಲ್ಲ, ಡಬರಿಯ ಕಡೆಗೆ. ಅಮ್ಮನನ್ನು ಕಳಿಸಲು ಬಂದಿದ್ದ ಸೌಜನ್ಯ ಅದನ್ನು ಕಣ್ಣಾರೆ ಕಂಡಿದ್ದಳು. ಬಸ್ಸಿನೊಳಗಿದ್ದ ಅಮ್ಮ ಮುಖವನ್ನು ಆಚೆ ಕಿಟಕಿಯ ಕಡೆ ತಿರುಗಿಸಿಕೊಂಡಳು.

"ನನ್ನ ಡಬರಿ ಬೆಂಗಳೂರು ನೋಡ್ಕಂಡು ಬಂತು ಕಣೆ. ಒಂದು ತೊಟ್ಟು ನೀರು ಸಹ ಕಾಣಿಸ್ದೆ ತಂದು ಕೊಟ್ರು" ಎಂದು ಕನ್ನಮ್ಮ ಇವತ್ತಿಗೂ ಹೇಳುವುದುಂಟು.

ಆಮೇಲೆ ಸಭೆ ಸೇರಿದಾಗಲೆಲ್ಲ ಹೇಮಾವತಿಯದು ಅದೇ ಕಥೆ. ನಾಲ್ಕು ಮಹಡಿಯ ಮ್ಯೂಸಿಯಂ ಹತ್ತಿ ಕಾಲು ಸೋತಿದ್ದು, ರಾತ್ರಿ ನಾಟಕ ನೋಡಿ ಅತ್ತಿದ್ದು. ಕೊನೆಗೆ ಕನ್ನಮ್ಮನ ಕಡೆ ತಿರುಗಿ, "ಕೆಲವ್ರಿಗೆ ಹೇಳಿದ್ರೂ ತಲೆಗೆ ಹೋಗಲ್ಲ ಬಿಡಿ" ಎಂಬ ಒಗ್ಗರಣೆ.

ಹೆಗ್ಗೋಡಿನ ನಾಟಕ ಶಾಲೆಯ ಅಡುಗೆಮನೆಗೆ ಉಪ್ಪಿನಕಾಯಿ ಕೊಡಲು ಹೋದಾಗಲೆಲ್ಲ ಗೋಡೆಗೊರಗಿ ನಿಂತು ನಾಟಕ ನೋಡಿ ಬರುತ್ತಿದ್ದ ಕನ್ನಮ್ಮ, ಹಟಕ್ಕೆ ಬಿದ್ದು ಮೇಳದಲ್ಲಿ ಮಳಿಗೆ ಹಿಡಿದಳು. ಮೊದಲ ವರ್ಷವೇ, ಪಕ್ಕದ ಮಳಿಗೆಯವಳಿಗೆ ವ್ಯಾಪಾರ ಒಪ್ಪಿಸಿ, ಹೇಮಾವತಿ ಹೇಳಿದ ಮ್ಯೂಸಿಯಮ್ಮನ್ನು ಹುಡುಕಿಕೊಂಡು ಹೋದಳು. ಗೇಟಿಗೆ ಬೀಗ. ಬೋರ್ಡಿನಲ್ಲಿ 'ಸೋಮವಾರ ರಜೆ'.

"ಇವತ್ತೊಂದೇ ದಿನ್ವಾ, ಯಾವಾಗ್ಲೂವಾ?" ಎಂದು ವಾಚ್‌ಮನ್‌ನನ್ನು ಕೇಳಿದಳು.

"ನಾನು ಕೆಲ್ಸಕ್ಕೆ ಸೇರ್ದಾಗಿಂದ ಸೋಮವಾರ ತೆಗ್ದಿದ್ದೇ ಇಲ್ಲ ಅಮ್ಮ. ನಮ್ಗೂ ರಜೆ ಬೇಡ್ವಾ?"

ನಾಟಕದ ಮನೆಗೂ ಹೋಗಿ ವಿಚಾರಿಸಿದಳು. ಅಲ್ಲೂ ಸೋಮವಾರ ಪರದೆ ಏಳುವುದಿಲ್ಲ. ಕನ್ನಮ್ಮ ಫುಟ್‌ಪಾತಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮರುದಿನ ಒಳಗೆ ಹೋಗಿ ನೋಡಿದರೆ, ಇದ್ದದ್ದು ಎರಡೇ ಮಹಡಿ.

ಊರಿಗೆ ಬಂದವಳೇ ಇದನ್ನು ಸೌಜನ್ಯಳಿಗೆ ಮಾತ್ರ ಹೇಳಿದಳು. ಸೌಜನ್ಯ ತನ್ನ ಅಮ್ಮನನ್ನು ಹಿಡಿದು ಕೇಳಿದಾಗ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಅಷ್ಟು ದೂರ ಹೋಗಿ ಬೀಗ ನೋಡಿ ಬಂದ್ವಿ ಅಂತ ಯಾರು ಹೇಳ್ಕಳ್ತಾರೆ? ಗೇಟಿನ ಎದುರು ಚಿತ್ರಾನ್ನ ತಿಂದು ವಾಪಸ್ ಬಂದ್ವಿ" ಎಂದಳು.

"ಎಲ್ಲರೆದುರು ಹೇಳಿ ಬಿಡಿ ಕನ್ನಮ್ಮಕ್ಕ" ಎಂದಿದ್ದಳು ಸೌಜನ್ಯ.

"ಮಿಡಿ ಉಪ್ಪಿಗೆ ಹಾಕಿದ ದಿನವೇ ಯಾರಾದ್ರೂ ತಿಂತಾರಾ? ಕೂತ್ಕಳ್ಲಿ."

ಹಾಗೆ ಸಿಟ್ಟನ್ನು ಭರಣಿಗಿಟ್ಟು ಕನ್ನಮ್ಮ ವರ್ಷವರ್ಷವೂ ಬೆಂಗಳೂರು ನೋಡಿದಳು. ಶಾಸನದ ಕಲ್ಲುಗಳ ಮುಂದೆ ನಿಂತಳು, ಕೋಟೆಯ ಗೋಡೆ ಮುಟ್ಟಿದಳು, ಮೆಟ್ರೋ ಹತ್ತಿ ದಾರಿ ತಪ್ಪಿದಳು. ಧರಣಿ ಕೂತಿದ್ದ ಅಂಗನವಾಡಿ ಹೆಂಗಸರ ಊಟಕ್ಕೆ ಮಿಡಿ ಬಡಿಸಿ, ಅವರ ಜತೆ ಸಂಜೆವರೆಗೂ ಕೂಗಿದಳು. ಕೂತು ನಾಟಕ ನೋಡಿದಳು, ಟಿಕೆಟ್ಟು ತಗೊಂಡು, ಮುಂದಿನ ಸಾಲಿನಲ್ಲಿ.

ಈಗ ಸಂಘ ಮತ್ತೆ ಪ್ರವಾಸ ಹೊರಟಿದೆ. ಸೌಜನ್ಯಳೇ ಕಾರ್ಯದರ್ಶಿ. "ನಂಗೆಲ್ಲ ಗೊತ್ತಿರೋ ಜಾಗ, ನಾನೇ ತೋರಿಸ್ತೀನಿ" ಎಂದು ಹೇಮಾವತಿ ಸಭೆಯಲ್ಲಿ ಸಾರಿಯಾಗಿದೆ. ಆ ಸುದ್ದಿ ಕಿವಿಗೆ ಬಿದ್ದ ಸಂಜೆಯೇ ಕನ್ನಮ್ಮ ಸೌಜನ್ಯಳ ಜಗುಲಿಗೆ ಬಂದು ಕೂತಳು.

ಇಂಚರಳ ಬಾಯಿ ಒರೆಸುತ್ತ ಸೌಜನ್ಯ ಕೇಳಿದಳು: "ಏನು ಮಾಡಣ? ಅವ್ರನ್ನ ಬಿಟ್ಟು ಹೋಗಣಾ?"

"ಥೂ! ಬಿಟ್ಟು ಹೋದ್ರೆ ಊರೆಲ್ಲ ಅವಳಿಗೆ ಪಾಪ ಅಂತದೆ. ಬರ್ಲಿ. ಅವತ್ತು ಹೋದೋರೆಲ್ಲ ಬರ್ಲಿ, ನಿನ್ನ ಅಮ್ಮನೂ. ಮ್ಯೂಸಿಯಂ ಮೆಟ್ಟಿಲ ಹತ್ರ ನಿಂತು ಎಲ್ಲರೆದುರು ಕೇಳ್ತೀನಿ. ನಾಲ್ಕನೇ ಮಹಡಿ ಯಾವ ಕಡೆ ಹೇಮಾವತಮ್ಮ, ಸ್ವಲ್ಪ ತೋರ್ಸಿ ಅಂತ."

ಹೇಮಾವತಿಗೆ ಈಗ ಮಂಡಿನೋವು, ಮೆಟ್ಟಿಲೆಂದರೆ ಕಷ್ಟ. ಸೌಜನ್ಯ ಒಂದು ಗಳಿಗೆ ಹಿಂದೆಮುಂದೆ ನೋಡಿದಳು. ಆದರೆ ಹೊಸ ಸೀರೆಯಲ್ಲಿ ಖಾಲಿ ಕೈಯಲ್ಲಿ ನಿಂತಿದ್ದ ಕನ್ನಮ್ಮ ಕಣ್ಣಿಗೆ ಕಟ್ಟಿದಂತಿದ್ದಳು. "ಬುಧವಾರ ಇಡ್ತೀನಿ. ಬಾಗಿಲು ತೆಗ್ದಿರ್ತದೆ" ಎಂದಳು.

ಕನ್ನಮ್ಮ ಎದ್ದಳು. ಮೆಟ್ಟಿಲಿಳಿದವಳು ಮತ್ತೆ ತಿರುಗಿದಳು.

"ಒಂದು ಉಪಕಾರ ಮಾಡೇ ಮಾರಾಯ್ತಿ. ಅವಳ ಸೀಟು ನನ್ನ ಪಕ್ಕಕ್ಕೇ ಹಾಕು. ಮತ್ತೆ, ದಾರಿಗೆ ಚಿತ್ರಾನ್ನ ಅವಳೇ ಮಾಡಿ ತರ್ಲಿ ಅಂತ ನೀನೇ ಹೇಳು. ಡಬರಿ ಬೇಕಾದ್ರೆ ನಂದೇ ಕೊಡ್ತೀನಿ."