ಹೆಂಗಸರ ಸಾಲಿನಲ್ಲಿ ಒಬ್ಬ ಗಂಡಸು

ಎಡ ಎದೆಯ ತೊಟ್ಟಿನ ಹಿಂದೆ ಗಡ್ಡೆ ಸಿಕ್ಕಿದ್ದು ಸ್ನಾನ ಮಾಡುವಾಗ. ಹುಣಸೆ ಬೀಜದಷ್ಟಿತ್ತು. ನೋವಿರಲಿಲ್ಲ. ಅಜ್ಜಂಪುರದಲ್ಲಿ ನನ್ನದು ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿ. ಭಾರ ಎತ್ತುವಾಗ ಏನೋ ತಗುಲಿರಬೇಕು ಎಂದುಕೊಂಡೆ. ಐದು ತಿಂಗಳು ಹಾಗೇ ಅಂದುಕೊಂಡೆ. ದಿನಕ್ಕೆ ಹತ್ತು ಸಲ ಅಂಗಿಯೊಳಗೆ ಕೈ ಹಾಕಿ ಮುಟ್ಟಿ ನೋಡುತ್ತಿದ್ದೆ. ಗಂಡಸಾಗಿ ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಬನಿಯನ್ ಮೇಲೆ ರಕ್ತದ ಕಲೆ ಕಂಡವಳು ನನ್ನ ಹೆಂಡತಿ ಸರೋಜ.

"ಇದೇನ್ರೀ ಇದು? ಅಂಗಿ ಬಿಚ್ರಿ."

ಮಾರನೇ ದಿನವೇ ಶಿವಮೊಗ್ಗಕ್ಕೆ ಹೊರಡಿಸಿದಳು. ಸ್ಕ್ಯಾನಿಂಗ್, ಬಯಾಪ್ಸಿ ಆದವು. ವಾರದ ನಂತರ ಡಾಕ್ಟರಮ್ಮ ರಿಪೋರ್ಟ್ ಮುಂದಿಟ್ಟರು.

ಬ್ರೆಸ್ಟ್ ಕ್ಯಾನ್ಸರ್.

"ಅದು ಹೆಂಗಸರಿಗೆ ಬರೋದಲ್ವಾ ಮೇಡಂ?"

"ಅಪರೂಪಕ್ಕೆ ಗಂಡಸರಿಗೂ ಬರುತ್ತೆ. ನಾಚಿಕೊಂಡು ತಡ ಮಾಡ್ತಾರೆ, ಅದೇ ತೊಂದರೆ."

ಆಪರೇಷನ್ ಆಯಿತು. ಊರಿಗೆಲ್ಲ ಹಾರ್ಟ್ ಆಪರೇಷನ್ ಎಂದು ಹೇಳಿಸಿದೆ. ತರೀಕೆರೆಯಲ್ಲಿರುವ ಅಕ್ಕನಿಗೂ ಅದೇ ಸುಳ್ಳು.

ಕೀಮೋ ಕೊಡುವ ಹಾಲ್‌ನಲ್ಲಿ ನಮ್ಮ ಸಾಲಿನಲ್ಲಿ ನಾನೊಬ್ಬನೇ ಗಂಡಸು. ಮೊದಲ ದಿನ ನರ್ಸ್ ಫೈಲಿನಲ್ಲಿ ಕಾಯಿಲೆಯ ಹೆಸರು ನೋಡಿ, ರೋಗಿ ಅವಳೇ ಎಂದುಕೊಂಡು ಸರೋಜಳ ಕೈಹಿಡಿದು ಮಂಚಕ್ಕೆ ಕರೆದೊಯ್ಯಲು ಬಂದರು. ಪಕ್ಕದ ಮಂಚದಲ್ಲಿ ಅಂತರಘಟ್ಟೆ ಕಡೆಯ ಒಬ್ಬ ಹೆಂಗಸು. ಪ್ರತಿ ಸಲವೂ ಅವರ ಜೊತೆ ತಂಗಿ ಮಾತ್ರ ಇರುತ್ತಿದ್ದಳು.

"ನಿಮ್ಮ ಯಜಮಾನ್ರು ಬರಲ್ವಾ?" ಸರೋಜ ಕೇಳಿದಳು.

"ಒಂದ್ಸಲ ಬಂದಿದ್ರು ಕಣಮ್ಮ. ಈ ವಾಸನೆ ಆಗಲ್ಲ ಅಂತ ಹೋಗ್ಬಿಟ್ರು. ನಿಮ್ಮನೇರು ಪುಣ್ಯ ಮಾಡಿದಾರೆ, ನೀವಿದೀರ."

ಆಮೇಲೆ ನನಗೆ ಮಲಗಿರಲು ಆಗಲಿಲ್ಲ. ಸಾಲಿನುದ್ದಕ್ಕೂ ಒಬ್ಬೊಬ್ಬರ ಪಕ್ಕ ಯಾರು ಕೂತಿದ್ದಾರೆಂದು ನೋಡುತ್ತಾ ಹೋದೆ. ತಾಯಿ, ಮಗಳು, ಅಕ್ಕ, ಮತ್ತೆ ತಾಯಿ. ಕೈಗೆ ಡ್ರಿಪ್ ಹಾಕಿರದಿದ್ದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ. "ನಿಂಗೇ ಹಿಂಗಾಗಿದ್ರೆ ನಾನು ಬತ್ತಿದ್ನಾ?"

"ನಂಗೆ ಗರ್ಭಕೋಶದ ಆಪರೇಷನ್ ಆದಾಗ ಜೊತೆಗಿದ್ರಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಇರಲಿಲ್ಲ ನಾನು.

ಅವಳನ್ನು ಅವಳಮ್ಮನ ಕೈಗೊಪ್ಪಿಸಿ, ಯಾರದೋ ಮೋಟಾರ್ ಸುಟ್ಟಿದೆಯೆಂದು ಅಂಗಡಿಗೆ ಓಡಿದ್ದೆ. ಅದು ತಪ್ಪು ಎಂದು ಅವತ್ತು ಅನ್ನಿಸಲೂ ಇಲ್ಲ. ಹಾಗೆ ಅನ್ನಿಸದೇ ಹೋಯಿತಲ್ಲ ಎಂಬುದೇ ಈಗ ಗಾಯಕ್ಕಿಂತ ಹೆಚ್ಚು ಕೊರೆಯುತ್ತದೆ.

ಮುಂದಿನ ಸಲ ಡಾಕ್ಟರಮ್ಮ, "ಇದು ವಂಶದಲ್ಲೂ ಬರಬಹುದು, ಅಕ್ಕತಂಗಿಯರಿದ್ದರೆ ಅವರಿಗೂ ಟೆಸ್ಟ್ ಆಗ್ಬೇಕು" ಎಂದರು. ನನ್ನ ಮಾನ ಕಾಯಲು ಹೇಳಿದ ಸುಳ್ಳು ಅಕ್ಕನ ಜೀವಕ್ಕೆ ಕುತ್ತಾಗಬಹುದಿತ್ತು.

ತರೀಕೆರೆಗೆ ಹೋದೆ. ಅಕ್ಕ, ಭಾವ ಇಬ್ಬರ ಮುಂದೆಯೂ ಅಂಗಿ ಬಿಚ್ಚಿ, ಕಾಯಿಲೆಯ ಹೆಸರು ಹೇಳಿದೆ. ಅಕ್ಕನಿಗೂ ಟೆಸ್ಟ್ ಆಗಬೇಕೆಂದೆ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

"ಸೊಸೆ ಜೊತೆ ಕಳಿಸ್ತೀನಿ ಬಿಡೋ," ಎಂದರು ಭಾವ.

"ಬೇಡ ಭಾವ. ನೀವೇ ಬರ್ಬೇಕು."

"ಹೆಂಗಸರ ಮಧ್ಯೆ ನಾನೇನೋ ಮಾಡ್ಲಿ ಅಲ್ಲಿ?"

"ಸುಮ್ನೆ ಕೂತ್ಕಳಿ. ನಾನೂ ಕೂತ್ಕತೀನಿ."

ಶಿವಮೊಗ್ಗದ ಆಸ್ಪತ್ರೆಯಲ್ಲಿ ಅಕ್ಕ ಮ್ಯಾಮೊಗ್ರಾಮ್ ಕೋಣೆಯೊಳಗೆ ಹೋದ ಮೇಲೆ ಭಾವ ಅವಳ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಸಮನೆ ಕಾಲು ಕುಣಿಸುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದರು: "ಒಳಗೆ ನೋವಾಯ್ತದೇನೋ ಅವಳಿಗೆ?" ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ಅಕ್ಕನಿಗೆ ಏನೂ ಇರಲಿಲ್ಲ. ವರ್ಷಕ್ಕೊಮ್ಮೆ ತೋರಿಸಬೇಕು, ಅಷ್ಟೆ. ನನಗೆ ಇನ್ನು ಐದು ವರ್ಷ ಮಾತ್ರೆ. ಪ್ರತಿ ರಿಪೋರ್ಟಿಗೂ ಭಯವಿದ್ದೇ ಇದೆ. ಆದರೂ ಬದುಕಿದ್ದೇನೆ.

ನಾಳೆ ಸರೋಜ ಮಂಡಿನೋವು ತೋರಿಸಲು ಕಡೂರಿಗೆ ಹೋಗಬೇಕು. "ನಾನೊಬ್ಳೇ ಹೋಗಿ ಬತ್ತೀನಿ ಬಿಡ್ರಿ" ಎನ್ನುತ್ತಿದ್ದಾಳೆ. ನಾಳೆ ಅಂಗಡಿ ತೆರೆಯುವುದಿಲ್ಲವೆಂದು ಬಾಗಿಲಿಗೆ ಚೀಟಿ ಅಂಟಿಸಿ ಬಂದಿದ್ದೇನೆ.